ರಾಟ್ಸೆನ್‌ಬರ್ಗರ್‌ಗೆ ಓಡಿಸಲು ಬರುತ್ತಿರಲಿಲ್ಲವೇ?

ಪ್ರಶ್ನೆ: ಸರ್, ಫಾರ್ಮುಲಾ ಒನ್ ಕಾರ್ ರೇಸ್ ಡ್ರೈವರ್ ಅಯರ್ಟನ್ ಸೆನ್ನಾ ಸತ್ತ ಹಿಂದಿನ ದಿನ ಅದೇ ಟ್ರ್ಯಾಕ್‌ನಲ್ಲಿ ಇನ್ನೊಬ್ಬ ಸತ್ತನಲ್ವಾ, ರೋಲಾಂಡ್ ರಾಟ್ಸೆನ್‌ಬರ್ಗರ್ ಅಂತ. ಅವನು ದುಡ್ಡು ಕೊಟ್ಟು ಸೀಟು ತಗೊಂಡವನಂತೆ. ಸರಿಯಾಗಿ ಓಡಿಸೋಕೇ ಬರ್ತಿರಲಿಲ್ಲವಂತೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸದೆ ಸೀದಾ ಹೋಗಿ ಗೋಡೆಗೆ ಹೊಡೆದನಂತೆ. ನಿಜಾನಾ?
(ಚಿತ್ರದುರ್ಗದ ಓದುಗರೊಬ್ಬರು)

ಉತ್ತರ: ಸೀದಾ ಹೋಗಿ ಗೋಡೆಗೆ ಹೊಡೆದದ್ದು ನಿಜ. ದುಡ್ಡು ತಂದದ್ದೂ ನಿಜ. ಓಡಿಸಲು ಬರುತ್ತಿರಲಿಲ್ಲ ಅನ್ನುವುದು ಸುಳ್ಳು.

ಇದೇ ಪ್ರಶ್ನೆ ದಾವಣಗೆರೆಯಿಂದ ಬರುತ್ತದೆ, ಹರಿಹರದಿಂದ ಬರುತ್ತದೆ, ಈಗ ದುರ್ಗದಿಂದಲೂ ಬಂದಿದೆ. ಪ್ರತಿ ವರ್ಷ ಮೇ ಹತ್ತಿರ ಬಂದು ಸೆನ್ನಾ ವಿಡಿಯೊಗಳು ಮೊಬೈಲ್‌ನಲ್ಲಿ ಓಡಾಡಲು ಶುರುವಾದರೆ ನನಗೆ ಈ ಪ್ರಶ್ನೆ ಗ್ಯಾರಂಟಿ. ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುವಾಗಲೂ ಹಿಂದಿನ ಬೆಂಚಿನವರು ಇದನ್ನೇ ಕೇಳುತ್ತಿದ್ದರು. ಆಗ ಬೋರ್ಡ್ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ. ದಯವಿಟ್ಟು ಗ್ರೂಪ್‌ಗಳಿಗೆ ಕಳಿಸಿ, ಮುಂದಿನ ಮೇನಲ್ಲಾದರೂ ನನಗೆ ರಜೆ ಸಿಗಲಿ.

ಮೊದಲು ದುಡ್ಡಿನ ವಿಷಯ. ಎಲ್ಲ ಗೊಂದಲದ ಬೇರು ಅಲ್ಲೇ ಇದೆ.

ನಮ್ಮ ಕಡೆಯವರಿಗೆ 'ದುಡ್ಡು ಕೊಟ್ಟು ಸೀಟು' ಅಂದರೆ ತಲೆಗೆ ಬರುವುದು ಡೊನೇಷನ್ ಸೀಟು. ದಾವಣಗೆರೆ ಕಾಲೇಜುಗಳ ಊರು, ಬರದೆ ಏನು ಮಾಡುತ್ತದೆ? ಮಾರ್ಕ್ಸ್ ಸಾಲಲಿಲ್ಲ, ಅಪ್ಪ ದುಡ್ಡು ಸುರಿದ, ಮಗ ಒಳಗೆ ಬಂದ. ಇಷ್ಟು ತೀರ್ಮಾನ ಮಾಡಿಕೊಂಡ ಮೇಲೆ ಅವನು ಆಮೇಲೆ ಏನೇ ಸಾಧಿಸಿದರೂ ನಾವು ನಂಬುವುದಿಲ್ಲ. ರಾಟ್ಸೆನ್‌ಬರ್ಗರ್‌ಗೂ ನಾವು ಮಾಡಿದ್ದು ಅದನ್ನೇ.

ಆತ ದುಡ್ಡು ತಂದದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. 1994ರಲ್ಲಿ ಸಿಮ್‌ಟೆಕ್ ಅನ್ನುವ ಹೊಸ, ಬಡ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಐದೇ ರೇಸ್‌ಗಳ ಒಪ್ಪಂದ. ಆ ಐದು ರೇಸ್‌ಗಳ ಹಣಕ್ಕೆ ಅವನ ಮೇಲೆ ನಂಬಿಕೆ ಇಟ್ಟ ಒಬ್ಬ ಮಹಿಳೆ ನಿಂತರು. ಆದರೆ ಫಾರ್ಮುಲಾ ಒನ್‌ನಲ್ಲಿ ಸಣ್ಣ ತಂಡಗಳು ಬದುಕಿದ್ದೇ ಹೀಗೆ. ಡ್ರೈವರ್ ಜೊತೆಗೆ ಪ್ರಾಯೋಜಕರ ಹಣವೂ ಬರಬೇಕು. ಇಲ್ಲದಿದ್ದರೆ ಎಂಜಿನ್‌ಗೆ ದುಡ್ಡಿಲ್ಲ.

ಹಾಗಾದರೆ ಇನ್ನೊಂದಿಬ್ಬರ ಹೆಸರು ಹೇಳುತ್ತೇನೆ, ಅವರಿಗೂ ಓಡಿಸಲು ಬರುತ್ತಿರಲಿಲ್ಲ ಅಂತೀರಾ ನೋಡೋಣ. ನಿಕಿ ಲೌಡಾ. ಇವನೂ ಆಸ್ಟ್ರಿಯಾದವನೇ. ಬ್ಯಾಂಕಿನಲ್ಲಿ ಸಾಲ ಮಾಡಿ ಮಾರ್ಚ್ ತಂಡದಲ್ಲಿ ಸೀಟು ತಗೊಂಡವನು. ಆಮೇಲೆ 1975, 1977, 1984ರಲ್ಲಿ ವಿಶ್ವ ಚಾಂಪಿಯನ್ ಆದ. ಇನ್ನೊಬ್ಬ ಮೈಕೆಲ್ ಶುಮಾಕರ್. 1991ರಲ್ಲಿ ಜೋರ್ಡಾನ್ ತಂಡದಲ್ಲಿ ಅವನ ಮೊದಲ ರೇಸ್‌ಗೆ ಹಣ ಕೊಟ್ಟಿದ್ದು ಮರ್ಸಿಡಿಸ್. ಏಳು ಸಲ ಚಾಂಪಿಯನ್. ಇವರನ್ನು ಯಾರಾದರೂ ಡೊನೇಷನ್ ಸೀಟಿನವರು ಅಂತಾರಾ? ಗೆದ್ದವನು ತಂದ ದುಡ್ಡು ಮರೆತುಹೋಗುತ್ತದೆ, ಸತ್ತವನು ತಂದದ್ದು ಮಾತ್ರ ನೆನಪಿರುತ್ತದೆ.

ಇನ್ನು 'ಶ್ರೀಮಂತರ ಮಗ' ಅಂತ ಕೆಲವರು ಹೇಳೋ ಮಾತು. ರೋಲಾಂಡ್ ಹುಟ್ಟಿದ್ದು 1960ರ ಜುಲೈ 4ರಂದು, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ, ಸಾಧಾರಣ ಕುಟುಂಬದಲ್ಲಿ. ತಾಂತ್ರಿಕ ಶಾಲೆಯಲ್ಲಿ ಓದಿದ. ರೇಸಿಂಗ್ ಕಲಿಸುವ ಕಡೆ ಮೆಕ್ಯಾನಿಕ್ ಆಗಿ ಸೇರಿಕೊಂಡ. ಅಂದರೆ ಬೇರೆಯವರ ಕಾರಿಗೆ ಸ್ಪ್ಯಾನರ್ ಹಿಡಿದೇ ಈ ಲೋಕಕ್ಕೆ ಬಂದವನು. ನನ್ನ ವಿದ್ಯಾರ್ಥಿಗಳಿಗೆ ಈ ಭಾಗ ಹೇಳುವಾಗ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಆಗುತ್ತಿತ್ತು. ಡಿಪ್ಲೊಮಾ ಹುಡುಗರಿಗೆ ಇಂಥ ಹೀರೊ ಸುಲಭಕ್ಕೆ ಸಿಗುವುದಿಲ್ಲ.

ಆಮೇಲೆ ಫಾರ್ಮುಲಾ ಫೋರ್ಡ್. ಹೊಸ ಡ್ರೈವರ್‌ಗಳು ಬೆಳೆಯುವ ಮೆಟ್ಟಿಲು ಅದು. ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಪ್ರತಿ ವರ್ಷ ಫಾರ್ಮುಲಾ ಫೋರ್ಡ್ ಫೆಸ್ಟಿವಲ್ ನಡೆಯುತ್ತಿತ್ತು. 1986ರಲ್ಲಿ ಅದನ್ನು ಗೆದ್ದವನು ರೋಲಾಂಡ್. ಹಿಂದಿನ ವರ್ಷ ಗೆದ್ದಿದ್ದು ಜಾನಿ ಹರ್ಬರ್ಟ್, ಮುಂದಿನ ವರ್ಷ ಎಡ್ಡಿ ಅರ್ವೈನ್. ಇಬ್ಬರೂ ಮುಂದೆ ಫಾರ್ಮುಲಾ ಒನ್ ರೇಸ್‌ಗಳನ್ನೇ ಗೆದ್ದರು. ಓಡಿಸಲು ಬಾರದವನು ಇವರಿಬ್ಬರ ನಡುವೆ ಹೇಗೆ ಬಂದ? ಆ ಕಾಲಕ್ಕೆ ಬ್ರಿಟಿಷ್ ಟಿವಿಯಲ್ಲಿ ರೋಲಾಂಡ್ ರ್ಯಾಟ್ ಅನ್ನುವ ಇಲಿ ಗೊಂಬೆ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ಹೆಸರು ಹೊಂದಿಕೊಂಡಿದ್ದರಿಂದ ಇವನಿಗೂ ಅಲ್ಲಿ ಸ್ವಲ್ಪ ಪುಕ್ಕಟೆ ಪ್ರಚಾರ ಸಿಕ್ಕಿತು. ಅವನೂ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಅಲ್ಲಿಂದ ಟೂರಿಂಗ್ ಕಾರು, ಫಾರ್ಮುಲಾ ತ್ರೀ, ಆಮೇಲೆ ಜಪಾನ್. ಜಪಾನಿನಲ್ಲಿ ವರ್ಷಗಟ್ಟಲೆ ಸಂಬಳಕ್ಕೆ ಓಡಿಸಿದ. ಇದನ್ನು ಇನ್ನೊಮ್ಮೆ ಓದಿ, ಸಂಬಳಕ್ಕೆ. ಅಲ್ಲಿ ಅವನಿಗೇ ದುಡ್ಡು ಕೊಟ್ಟು ಓಡಿಸಿದರು. 1993ರ ಲೆ ಮಾನ್ಸ್ 24 ಗಂಟೆಯ ರೇಸ್‌ನಲ್ಲಿ ಟೊಯೊಟಾ ಓಡಿಸಿ, ಜೊತೆಗಾರರೊಂದಿಗೆ ಐದನೇ ಸ್ಥಾನಕ್ಕೆ ಬಂದ. ಇಷ್ಟೆಲ್ಲ ಆದರೂ ಫಾರ್ಮುಲಾ ಒನ್ (ಎಫ್ ಒನ್) ಬಾಗಿಲು ತೆರೆಯಲಿಲ್ಲ. ವಯಸ್ಸು ಮೂವತ್ತು ದಾಟಿತ್ತು. ಮೂವತ್ತಮೂರರ ಹೊಸಬನನ್ನು ಯಾರು ತಗೊಳ್ತಾರೆ ಅಂತ ಹುಟ್ಟಿದ ವರ್ಷವನ್ನೇ 1962 ಅಂತ ಹೇಳಿಕೊಂಡು ಓಡಾಡುತ್ತಿದ್ದ. ಶಾಲೆಗೆ ಸೇರಿಸುವಾಗ ವಯಸ್ಸು ಏರುಪೇರು ಮಾಡಿದ ಊರಿನವರು ನಾವು, ಇದಕ್ಕೆ ಬೈಯೋ ಹಕ್ಕು ನಮಗಿಲ್ಲ.

ಈಗ ತಿರುವಿನ ಕಥೆಗೆ ಬರೋಣ.

1994ರಲ್ಲಿ ಬಂದ ಕಾರುಗಳು 28, ರೇಸ್‌ಗೆ ಜಾಗ 26 ಕಾರುಗಳಿಗೆ. ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ನಿಧಾನವಾದ ಇಬ್ಬರು ಶನಿವಾರವೇ ಗಂಟುಮೂಟೆ ಕಟ್ಟಬೇಕು. ಬ್ರೆಜಿಲ್‌ನಲ್ಲಿ ರೋಲಾಂಡ್‌ಗೆ ಜಾಗ ಸಿಗಲಿಲ್ಲ. ಎರಡನೇ ರೇಸ್ ಜಪಾನಿನ ಐಡಾದಲ್ಲಿ. ಅಲ್ಲಿ ಕೊನೆಯವನಾಗಿ ಹೊರಟು 11ನೇ ಸ್ಥಾನದಲ್ಲಿ ಮುಗಿಸಿದ. ಮೂರನೆಯದು ಇಟಲಿಯ ಇಮೋಲಾ. ಐದರಲ್ಲಿ ಒಂದು ಆಗಲೇ ಕೈತಪ್ಪಿತ್ತು ಅನ್ನುವುದು ನೆನಪಿರಲಿ.

1994ರ ಏಪ್ರಿಲ್ 30, ಶನಿವಾರ, ಅರ್ಹತಾ ಸುತ್ತು. ಆಕ್ವೆ ಮಿನರಾಲಿ ಅನ್ನುವ ತಿರುವಿನಲ್ಲಿ ಕಾರು ಟ್ರ್ಯಾಕ್ ಬಿಟ್ಟು ಅಂಚಿಗೆ ಹೋಯಿತು. ಮುಂದಿನ ರೆಕ್ಕೆಗೆ ಪೆಟ್ಟು ಬಿತ್ತು. ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ರಿಪೇರಿ ಮಾಡುವ ಜಾಗಕ್ಕೆ) ಬರದೆ ಇನ್ನೊಂದು ಸುತ್ತು ಮುಂದುವರಿಸಿದ. ಟಾಂಬುರೆಲ್ಲೊ ತಿರುವು ದಾಟಿ ಪೂರ್ತಿ ವೇಗ ಹಿಡಿದಾಗ ಆ ರೆಕ್ಕೆ ಮುರಿದು ಕಾರಿನ ಅಡಿಗೆ ಸಿಕ್ಕಿಕೊಂಡಿತು. ವಿಲ್ನೂವ್ ತಿರುವಿನಲ್ಲಿ ಕಾರು ತಿರುಗಲಿಲ್ಲ. ಗಂಟೆಗೆ 314.9 ಕಿಲೋಮೀಟರ್ ವೇಗದಲ್ಲಿ ಕಾಂಕ್ರೀಟ್ ಗೋಡೆಗೆ ಹೊಡೆಯಿತು.

ತಿರುಗಿಸದೆ ಹೋದನಂತೆ ಅಂತೀರಲ್ಲ, ತಿರುಗಿಸಲು ಏನು ಉಳಿದಿತ್ತು? ರೇಸ್ ಕಾರಿನ ರೆಕ್ಕೆ ಅಂದಕ್ಕೆ ಇಟ್ಟಿದ್ದಲ್ಲ. ಪಿಬಿ ರೋಡಿನಲ್ಲಿ ಹುಡುಗರು ಹಳೇ ಕಾರಿನ ಡಿಕ್ಕಿ ಮೇಲೆ ಸ್ಕ್ರೂ ಹಾಕಿ ಕೂರಿಸುತ್ತಾರಲ್ಲ, ಅದು ಅಂದಕ್ಕೆ. ಎಫ್ ಒನ್ ರೆಕ್ಕೆ ವಿಮಾನದ ರೆಕ್ಕೆಯನ್ನು ಬೋರಲು ಹಾಕಿದ ಹಾಗೆ ಕೆಲಸ ಮಾಡುತ್ತದೆ. ವಿಮಾನವನ್ನು ಗಾಳಿ ಮೇಲಕ್ಕೆ ಎತ್ತಿದರೆ, ಇಲ್ಲಿ ಅದೇ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಆ ವೇಗದಲ್ಲಿ ಹಿಂದೆ ಮುಂದೆ ರೆಕ್ಕೆ, ಕಾರಿನ ಅಡಿಭಾಗ ಎಲ್ಲ ಸೇರಿ ಒತ್ತುವ ಬಲ ಕಾರಿನ ತೂಕವನ್ನೇ ಮೀರುತ್ತದೆ. ಟೈರಿಗೆ ಹಿಡಿತ ಸಿಗುವುದೇ ಅದರಿಂದ. ಮುಂದಿನ ರೆಕ್ಕೆ ಹೋದರೆ ಮುಂದಿನ ಟೈರಿನ ಮೇಲಿನ ಒತ್ತಡ ಹೋಯಿತು. ಮುರಿದ ತುಂಡು ಅಡಿಗೆ ಸಿಕ್ಕಿದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬ್ರೇಕ್ ಒತ್ತಿದರೂ ಮುಂದಿನ ಚಕ್ರಕ್ಕೆ ಹಿಡಿಯಲು ನೆಲವೇ ಸರಿಯಾಗಿ ಸಿಗುವುದಿಲ್ಲ. ಒಂದು ಸೆಕೆಂಡಿಗೆ 87 ಮೀಟರ್ ಹೋಗುತ್ತಿರುವ ಕಾರು ಅದು. ಆ ಸೀಟಿನಲ್ಲಿ ಸೆನ್ನಾ ಇದ್ದಿದ್ದರೂ ಕಾರು ಹೋಗುತ್ತಿದ್ದದ್ದು ಸೀದಾ ಗೋಡೆಗೇ.

ಇಲ್ಲಿ ಯಾರಾದರೂ ಕೈ ಎತ್ತುತ್ತಾರೆ: "ಪಿಟ್‌ಗೆ ಬರಬಹುದಿತ್ತಲ್ವಾ ಸರ್?" ಬರಬಹುದಿತ್ತು. ಬಂದಿದ್ದರೆ ಬದುಕುತ್ತಿದ್ದ. ಆದರೆ ಅಷ್ಟು ಕೆಳಗೆ ಕೂತ ಡ್ರೈವರ್‌ಗೆ ಮೂತಿಯ ರೆಕ್ಕೆಯ ಬಿರುಕು ಕಾಣುವುದಿಲ್ಲ. ಐದರಲ್ಲಿ ಒಂದು ರೇಸ್ ಕಳೆದುಕೊಂಡವನಿಗೆ ಕೊನೆಯ ಜಾಗದ ಬೆಲೆ ಏನು ಅಂತಲೂ ಯೋಚಿಸಿ. ನನ್ನ ಮಟ್ಟಿಗೆ ಅದು ಅವಸರದ ನಿರ್ಧಾರ, ಅಷ್ಟೇ. ಕೈಯಲ್ಲಿ ಕಸುಬಿಲ್ಲದವನ ತಪ್ಪಲ್ಲ. ಇನ್ನೊಂದು ವಿಷಯ, ಅಷ್ಟರಲ್ಲಿ ಆತ ದಾಖಲಿಸಿದ್ದ ಸಮಯ 26ನೇ ಜಾಗಕ್ಕೆ ಸಾಕಾಗಿತ್ತು. ಜಾಗ ಸಿಗದೆ ಹೊರಗುಳಿದದ್ದು ಪೆಸಿಫಿಕ್ ತಂಡದ ಪಾಲ್ ಬೆಲ್ಮೊಂಡೊ. ಫಲಿತಾಂಶದ ಪಟ್ಟಿಯಲ್ಲಿ ರಾಟ್ಸೆನ್‌ಬರ್ಗರ್ ಅರ್ಹತೆ ಪಡೆಯದವನಲ್ಲ, ರೇಸ್ ಶುರು ಮಾಡದವನು.

ಎಫ್ ಒನ್ ರೇಸ್ ವಾರಾಂತ್ಯದಲ್ಲಿ ಡ್ರೈವರ್ ಒಬ್ಬ ಸತ್ತಿದ್ದು 1982ರಲ್ಲಿ ಕೆನಡಾದಲ್ಲಿ ರಿಕಾರ್ಡೊ ಪಲೆಟ್ಟಿ ತೀರಿಕೊಂಡ ಮೇಲೆ ಅದೇ ಮೊದಲು. ಹನ್ನೆರಡು ವರ್ಷದಲ್ಲಿ ಇನ್ನು ಸಾವಿಲ್ಲ ಅಂತ ಎಲ್ಲರಿಗೂ ಒಂದು ಧೈರ್ಯ ಬಂದುಬಿಟ್ಟಿತ್ತು. ಮರುದಿನ ಸೆನ್ನಾ ಹೋದ. ಅವನ ಕಾರಿನಲ್ಲಿ ಮಡಚಿಟ್ಟ ಆಸ್ಟ್ರಿಯಾ ಬಾವುಟ ಸಿಕ್ಕಿತು. ರೇಸ್ ಆದ ಮೇಲೆ ರೋಲಾಂಡ್ ನೆನಪಿಗೆ ಅದನ್ನು ಬೀಸಬೇಕು ಅಂದುಕೊಂಡಿದ್ದ. ಮೇ 5ಕ್ಕೆ ಸಾವೊ ಪಾಲೊದಲ್ಲಿ ಸೆನ್ನಾ ಅಂತ್ಯಕ್ರಿಯೆ, ಬೀದಿ ತುಂಬ ಜನ. ಮೇ 7ಕ್ಕೆ ಸಾಲ್ಜ್‌ಬರ್ಗ್‌ನಲ್ಲಿ ರೋಲಾಂಡ್‌ದು. ಅಲ್ಲಿಗೆ ಯಾರೂ ಹೋಗಲಿಲ್ಲ ಅಂತ ಕೆಲವರು ಹೇಳುವುದೂ ಸುಳ್ಳು. ಆಸ್ಟ್ರಿಯಾದವನೇ ಆದ ಎಫ್ ಒನ್ ಡ್ರೈವರ್ ಗೆರ್ಹಾರ್ಡ್ ಬರ್ಗರ್ ಎರಡಕ್ಕೂ ಹೋದ. ಕಾರ್ ರೇಸ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಹೋಗಿದ್ದು ಸಾಲ್ಜ್‌ಬರ್ಗ್‌ಗೆ. ಎಲ್ಲರೂ ಸೆನ್ನಾ ಕಡೆ ಹೋಗಿದ್ದಾರೆ, ಇಲ್ಲಿಗೂ ಯಾರಾದರೂ ಬರಬೇಕು ಅನ್ನಿಸಿತು ಅಂತ ಆಮೇಲೆ ಹೇಳಿದರು. ಮುಂದಿನ ಮೊನಾಕೊ ರೇಸ್‌ನಲ್ಲಿ ಕಾರುಗಳು ಹೊರಡುವ ಸಾಲಿನ ಮೊದಲ ಎರಡು ಜಾಗ ಖಾಲಿ ಬಿಟ್ಟು, ನೆಲದ ಮೇಲೆ ಬ್ರೆಜಿಲ್ ಮತ್ತು ಆಸ್ಟ್ರಿಯಾದ ಬಾವುಟ ಬರೆದಿದ್ದರು.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ನೀವು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಇದೆ. ಹೆಲ್ಮೆಟ್ ಇತ್ತು, ಭುಜ ಸೊಂಟ ಎಲ್ಲ ಬಿಗಿದ ಬೆಲ್ಟ್ ಇತ್ತು. ಆದರೂ ಯಾಕೆ ಸತ್ತ?

ಬೆಲ್ಟ್ ತನ್ನ ಕೆಲಸ ಮಾಡಿತು, ಎದೆಯನ್ನು ಹಿಡಿದು ನಿಲ್ಲಿಸಿತು. ತಲೆಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಹೆಲ್ಮೆಟ್ ಭಾರವನ್ನೂ ಹೊತ್ತುಕೊಂಡು ತಲೆ ಮುಂದಕ್ಕೆ ನುಗ್ಗಿತು. ಆ ಎಳೆತ ಪೂರ್ತಿ ಬಿದ್ದಿದ್ದು ಕುತ್ತಿಗೆ ಮತ್ತು ತಲೆಬುರುಡೆ ಸೇರುವ ಜಾಗಕ್ಕೆ. ಬುರುಡೆಯ ಬುಡದ ಮೂಳೆ ಮುರಿಯಿತು. ಇದಕ್ಕೆ ಪರಿಹಾರ ಆಗಲೇ ಇತ್ತು ಅನ್ನುವುದೇ ಹೊಟ್ಟೆ ಉರಿಸುವ ಸಂಗತಿ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ರಾಬರ್ಟ್ ಹಬರ್ಡ್ ಮತ್ತು ಅವರ ಸಂಬಂಧಿ, ರೇಸ್ ಡ್ರೈವರ್ ಜಿಮ್ ಡೌನಿಂಗ್ ಸೇರಿ 1980ರ ದಶಕದಲ್ಲೇ ಹ್ಯಾನ್ಸ್ ಅನ್ನುವ ಸಾಧನ ಮಾಡಿದ್ದರು. ಭುಜದ ಮೇಲೆ, ಬೆಲ್ಟ್‌ನ ಅಡಿಗೆ ಕೂರುವ ಗಟ್ಟಿ ಕಾಲರ್. ಅದರಿಂದ ಹೆಲ್ಮೆಟ್‌ನ ಎರಡೂ ಬದಿಗೆ ಪಟ್ಟಿ. ತಲೆ ಎದೆಯ ಜೊತೆಗೇ ನಿಲ್ಲುತ್ತದೆ. ಡ್ರೈವರ್‌ಗಳೇ ಕಿರಿಕಿರಿ ಅಂತ ಬೇಡ ಅಂದರು. 2001ರಲ್ಲಿ ಡೇಟೋನಾ ರೇಸ್‌ನಲ್ಲಿ ಅಮೆರಿಕದ ಹೆಸರಾಂತ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಇದೇ ಗಾಯದಿಂದ ಸತ್ತ ಮೇಲೆ ಅಮೆರಿಕ ಎದ್ದು ಕೂತಿತು. ಎಫ್ ಒನ್‌ನಲ್ಲಿ ಕಡ್ಡಾಯ ಆಗಿದ್ದು 2003ಕ್ಕೆ. ಇಮೋಲಾ ಆಗಿ ಒಂಬತ್ತು ವರ್ಷಕ್ಕೆ.

ಈ ಭಾಗ ಓದಿ ಯಾರೂ "ನೋಡಿ, ಬೆಲ್ಟ್ ಹಾಕಿದ್ದಕ್ಕೇ ಸತ್ತ" ಅಂತ ಶುರು ಮಾಡಬೇಡಿ. ದುರ್ಗದಿಂದ ಹರಿಹರದ ತನಕ ಹೈವೇಯಲ್ಲಿ ಏನಾದರೂ ಆದಾಗಲೆಲ್ಲ, ಬೆಲ್ಟ್ ಹಾಕದೆ ಹೊರಗೆ ಬಿದ್ದು ಬದುಕಿದವನೊಬ್ಬನ ಕಥೆ ಹೇಳುವವರು ಸಿಗುತ್ತಾರೆ. ಹಾಗೆ ಬಿದ್ದು ಸತ್ತವರು ಬಂದು ಕಥೆ ಹೇಳುವುದಿಲ್ಲವಲ್ಲ. ರೋಲಾಂಡ್ ಹೊಡೆದ ವೇಗ 80ರಲ್ಲಿ ಹೋಗುವ ನಿಮ್ಮ ಕಾರಿನ ಸುಮಾರು ನಾಲ್ಕು ಪಟ್ಟು. ಶಕ್ತಿಯ ಲೆಕ್ಕದಲ್ಲಿ ಅದು ನಾಲ್ಕಲ್ಲ, ಹದಿನೈದು ಪಟ್ಟಿಗೂ ಜಾಸ್ತಿ, ಯಾಕೆಂದರೆ ವೇಗದ ವರ್ಗ ತಗೋಬೇಕು. ನಮ್ಮ ಕಾರಿನ ಬೆಲ್ಟ್ ಸ್ವಲ್ಪ ಜಗ್ಗುತ್ತದೆ, ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ತಲೆಯನ್ನು ತಡೆಯುತ್ತದೆ. ಆ ಏರ್‌ಬ್ಯಾಗನ್ನು ಮಾಡಿರುವುದೂ ಬೆಲ್ಟ್ ಹಾಕಿ ಕೂತವರ ಲೆಕ್ಕದಲ್ಲೇ. ಹಿಂದಿನ ಸೀಟಿನವರಿಗೂ ಬೆಲ್ಟ್ ಇದೆ. ಅದು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಎಳೆದು ಹೊರಗೆ ತೆಗೆಯಿರಿ.

ಕೊನೆಗೆ ಒಬ್ಬರು ಫೋನ್ ಮಾಡೇ ಮಾಡುತ್ತಾರೆ: ಹ್ಯಾನ್ಸ್ ತರಿಸಿ ನಮ್ಮ ಕಾರಿಗೂ ಹಾಕಿಸಬಹುದಾ ಸರ್? ಬೇಡ. ಎರಡೂ ಭುಜದ ಮೇಲೆ ಹಾದುಹೋಗುವ ರೇಸಿಂಗ್ ಬೆಲ್ಟ್ ಇದ್ದರೆ ಮಾತ್ರ ಆ ಕಾಲರ್ ನಿಲ್ಲುತ್ತದೆ. ನಮ್ಮ ಬೆಲ್ಟ್ ಇರುವುದು ಒಂದೇ ಭುಜಕ್ಕೆ. ಅದೂ ಅಲ್ಲದೆ ಆ ಪಟ್ಟಿಗಳನ್ನು ಕಟ್ಟುವುದು ಹೆಲ್ಮೆಟ್‌ಗೆ. ಕಾರಿನೊಳಗೆ ಹೆಲ್ಮೆಟ್ ಹಾಕಿಕೊಂಡು ಕೂರುತ್ತೀರಾ? ಬೈಕ್ ಮೇಲೇ ಅದನ್ನು ಟ್ಯಾಂಕ್ ಮೇಲೆ ಇಟ್ಟುಕೊಂಡು ಹೋಗುವವರು ನೀವು.