ಕಸದ ಬುಟ್ಟಿಗೆ ಬಿದ್ದ ಸನ್‌ಸ್ಕ್ರೀನ್ ಟ್ಯೂಬು

ತೀರ್ಥಹಳ್ಳಿ ಕಡೆ ಇರುವ ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ತಮ್ಮ ಸನ್‌ಸ್ಕ್ರೀನ್ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿದ್ದರು. ಅರ್ಧವೂ ಖಾಲಿಯಾಗಿರಲಿಲ್ಲ. ಕೆನ್ನೆ ಮೇಲೆ ಬಂಗು ಹಬ್ಬಿದೆ ಅಂತ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರು ಬರೆದುಕೊಟ್ಟಿದ್ದು ಅದು. ಅಡಿಕೆ ಕೊಯ್ಲಿನ ಸಮಯ ಬೇರೆ, ಬೇಯಿಸಿದ ಅಡಿಕೆ ಹರವುವುದು, ಕೈಯಾಡಿಸುವುದು, ಸಂಜೆ ಬಾಚುವುದು ಅಂತ ದಿನವಿಡೀ ಅಂಗಳದ ಬಿಸಿಲಲ್ಲೇ ಇರಬೇಕು. ಯಾಕೆ ಎಸೆದಿರಿ ಅಂತ ಕೇಳಿದರೆ, "ಅದು ರಕ್ತಕ್ಕೆ ಸೇರುತ್ತಂತೆ ಮಾರಾಯ, ಕ್ಯಾನ್ಸರ್ ಬರುತ್ತಂತೆ, ವಾಟ್ಸಾಪಲ್ಲಿ ಬಂದಿತ್ತು" ಅಂದರು.

ರಕ್ತಕ್ಕೆ ಸೇರುತ್ತದೆ ಅನ್ನುವುದು ನಿಜ. ಕ್ಯಾನ್ಸರ್ ಬರುತ್ತದೆ ಅನ್ನುವುದನ್ನು ಯಾರೂ ತೋರಿಸಿಲ್ಲ. ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ಅನ್ನುವುದು ಮುಖ್ಯ.

ಟ್ಯೂಬನ್ನು ಎತ್ತಿ ಒರೆಸಿ ಹಿಂದಿನ ಸಣ್ಣ ಅಕ್ಷರ ಓದಿದೆವು. ಅವೋಬೆಂಜೋನ್, ಆಕ್ಟೋಕ್ರೈಲೀನ್, ಆಕ್ಸಿಬೆಂಜೋನ್. ಇವು ಇಂಗಾಲ ಇರುವ ರಸಾಯನಗಳು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣವನ್ನು ಇವುಗಳ ಅಣು ಹೀರಿಕೊಳ್ಳುತ್ತದೆ, ಆ ಶಕ್ತಿಯನ್ನು ಸ್ವಲ್ಪವೇ ಶಾಖವಾಗಿ ಬಿಟ್ಟುಬಿಡುತ್ತದೆ. ನಮ್ಮನ್ನು ತಲುಪುವ ಯುವಿ ಎರಡು ಬಗೆ. ಚರ್ಮ ಸುಡುವುದು ಮುಖ್ಯವಾಗಿ ಯುವಿಬಿ. ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ, ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಅವೋಬೆಂಜೋನ್ ಯುವಿಎ ತಡೆಯುವುದರಲ್ಲಿ ಗಟ್ಟಿ, ಆದರೆ ಬಿಸಿಲಿಗೆ ತಾನೇ ಒಡೆದುಹೋಗುತ್ತದೆ, ಅದನ್ನು ಕಾಯುವುದಕ್ಕೆ ಆಕ್ಟೋಕ್ರೈಲೀನ್ ಸೇರಿಸುತ್ತಾರೆ.

ಈಗ ರಕ್ತದ ವಿಷಯ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ವಿಜ್ಞಾನಿಗಳು 24 ಆರೋಗ್ಯವಂತರಿಗೆ ಸನ್‌ಸ್ಕ್ರೀನ್ ಹಚ್ಚಿ ಅವರ ರಕ್ತ ನೋಡಿದರು. ಮೈಯ ಮುಕ್ಕಾಲು ಭಾಗಕ್ಕೆ, ದಿನಕ್ಕೆ ನಾಲ್ಕು ಸಲ, ನಾಲ್ಕು ದಿನ. ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 0.5 ನ್ಯಾನೋಗ್ರಾಂ ದಾಟಿದರೆ ಆ ವಸ್ತುವಿಗೆ ಇನ್ನಷ್ಟು ಸುರಕ್ಷತೆ ಪರೀಕ್ಷೆ ಬೇಕು ಅಂತ ಒಂದು ಗೆರೆ ಹಾಕಿಕೊಂಡಿದ್ದಾರೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೋಗ್ರಾಂ. ಅವೋಬೆಂಜೋನ್ ಆ ಗೆರೆಯನ್ನು ದಾಟಿ ಕೆಲವೇ ನ್ಯಾನೋಗ್ರಾಂವರೆಗೆ ಹೋಯಿತು. ಆಕ್ಸಿಬೆಂಜೋನ್ ಮಾತ್ರ 150ನ್ನೂ ಮೀರಿತು. ಮುಂದಿನ ವರ್ಷ 48 ಜನರ ಮೇಲೆ ಮತ್ತೆ ಮಾಡಿದಾಗ, ಪರೀಕ್ಷಿಸಿದ ಆರು ಫಿಲ್ಟರ್‌ಗಳೂ, ಅಂದರೆ ಯುವಿ ತಡೆಯುವ ಇಂಥ ವಸ್ತುಗಳೂ, ಗೆರೆ ದಾಟಿದವು.

ಗೆರೆ ದಾಟಿದ್ದಕ್ಕೆ ಅರ್ಥ "ಪರೀಕ್ಷೆ ಮಾಡಿ" ಅಂತ. "ವಿಷ" ಅಂತ ಅಲ್ಲ. ಸನ್‌ಸ್ಕ್ರೀನ್ ಬಿಡಬೇಡಿ ಅಂತ ಅದೇ ಎಫ್‌ಡಿಎ ಹೇಳಿತು. ಆದರೆ ನನಗೆ ಬೇಸರ ಇರುವುದು ಇನ್ನೊಂದು ಕಡೆ. ಈ ವಸ್ತುಗಳನ್ನು ದಶಕಗಳಿಂದ ಜನ ಹಚ್ಚಿಕೊಳ್ಳುತ್ತಿದ್ದಾರೆ, ಮಕ್ಕಳಿಗೂ ಹಚ್ಚುತ್ತಿದ್ದಾರೆ, ಮೈಯೊಳಗೆ ಎಷ್ಟು ಹೋಗುತ್ತದೆ ಅನ್ನುವ ಇಷ್ಟು ಸರಳ ಪ್ರಶ್ನೆಯನ್ನು ಇಷ್ಟು ತಡವಾಗಿ ಕೇಳಿದ್ದು ಸರಿಯೇ? 2019ರಲ್ಲಿ ಎಫ್‌ಡಿಎ 16 ಫಿಲ್ಟರ್‌ಗಳನ್ನು ನೋಡಿ, ಸುರಕ್ಷಿತ ಅನ್ನುವುದಕ್ಕೆ ಸಾಕಷ್ಟು ಮಾಹಿತಿ ಇದೆ ಅಂದಿದ್ದು ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡಕ್ಕೆ ಮಾತ್ರ. ಎರಡು ಬೇಡವೇ ಬೇಡ ಅಂದಿತು. ಉಳಿದ 12ಕ್ಕೆ ಮಾಹಿತಿ ಸಾಲದು.

ಎಲ್ಲದರ ಮೇಲೂ ಒಂದೇ ತೂಕದ ಅನುಮಾನ ಇಲ್ಲ. ಆಕ್ಸಿಬೆಂಜೋನ್ ಮೇಲೆ ಜಾಸ್ತಿ. ಮೂತ್ರದಲ್ಲಿ, ಎದೆಹಾಲಿನಲ್ಲಿ ಕಂಡಿದೆ. ಇಲಿಗಳಿಗೆ ತುಂಬಾ ಹೆಚ್ಚಿನ ಪ್ರಮಾಣದಲ್ಲಿ ತಿನ್ನಿಸಿದಾಗ ಹಾರ್ಮೋನಿನಂತೆ ವರ್ತಿಸಿದ್ದೂ ಇದೆ, ಮುಖಕ್ಕೆ ಹಚ್ಚುವುದು ಅದಕ್ಕೆ ಸಮ ಅಲ್ಲ. ಯುರೋಪಿನವರು 2022ರಲ್ಲಿ ಒಂದು ಒಳ್ಳೆ ಕೆಲಸ ಮಾಡಿದರು: ಮುಖ, ಕೈ, ತುಟಿಗೆ ಹಚ್ಚುವುದರಲ್ಲಿ ಇದು 6 ಶೇಕಡಾವರೆಗೆ ಇರಬಹುದು, ಇಡೀ ಮೈಗೆ ಹಚ್ಚುವುದರಲ್ಲಿ 2.2 ಶೇಕಡಾ ಮಾತ್ರ ಅಂದರು. ಹಚ್ಚುವ ಜಾಗ ಹೆಚ್ಚಾದಷ್ಟೂ ಒಳಗೆ ಹೋಗುವುದು ಹೆಚ್ಚು, ಅಷ್ಟೇ ಲೆಕ್ಕ. ಫೌಂಡೇಶನ್, ಲಿಪ್ ಬಾಮ್, ಡೇ ಕ್ರೀಮುಗಳಲ್ಲೂ ಇಂಥ ಫಿಲ್ಟರ್ ಇರುತ್ತವೆ, ಅದನ್ನೂ ಕೂಡಿಸಿಕೊಳ್ಳಬೇಕು.

ನಮ್ಮಲ್ಲಿ ಯಾರೂ ಮಾತಾಡದ ತೊಂದರೆ ಒಂದಿದೆ, ಅಲರ್ಜಿ. ಮಂಡಿನೋವಿಗೆ ಹಚ್ಚುವ ಕೆಲವು ಜೆಲ್‌ಗಳಲ್ಲಿ ಕೀಟೋಪ್ರೊಫೆನ್ ಇರುತ್ತದೆ. ಅದು ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದು ಒಮ್ಮೆ ಅಲರ್ಜಿ ಎದ್ದವರಿಗೆ ಮುಂದೆ ಆಕ್ಟೋಕ್ರೈಲೀನ್ ಕೂಡ ಆಗದೇ ಇರಬಹುದು. ದಿನವಿಡೀ ಕೂತು ಅಡಿಕೆ ಸುಲಿದು, ಮಂಡಿಗೆ ಜೆಲ್ ತಿಕ್ಕಿಕೊಳ್ಳುವವರು ಮನೆಮನೆಯಲ್ಲಿ ಇದ್ದಾರೆ. ಮುಖದಲ್ಲಿ ತುರಿಕೆ, ಗುಳ್ಳೆ ಬಂದರೆ ಎರಡೂ ಟ್ಯೂಬನ್ನು ಡಾಕ್ಟರಿಗೆ ತೋರಿಸಿ.

ಹಾಗಾದರೆ ಸನ್‌ಸ್ಕ್ರೀನ್ ಬೇಕಾ? ಆಸ್ಟ್ರೇಲಿಯಾದ ನ್ಯಾಂಬೋರ್‌ನಲ್ಲಿ 1992ರಿಂದ 1,621 ಜನರ ಮೇಲೆ ಅಧ್ಯಯನ ನಡೆಯಿತು. ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು 40 ಶೇಕಡಾ ಕಡಿಮೆಯಾಯಿತು. ಆದರೆ ಅದು ಬಿಳಿ ಚರ್ಮದವರ ಲೆಕ್ಕ. ಕಂದು ಚರ್ಮದ ನಮಗೆ ಬಿಸಿಲಿನಿಂದ ಬರುವ ಕ್ಯಾನ್ಸರ್ ತುಂಬಾ ಕಡಿಮೆ. ಅವರ ತಕ್ಕಡಿಯನ್ನು ನಾವು ಹಾಗೇ ತಂದುಕೊಳ್ಳಬಾರದು. ತೋಟದ ನೆರಳಲ್ಲಿ ಓಡಾಡುವ ಅಣ್ಣನಿಗೆ ಉದ್ದ ತೋಳಿನ ಅಂಗಿ, ಹಾಳೆ ಟೋಪಿ ಸಾಕು. ಬಂಗು ಇರುವ ಅತ್ತಿಗೆಗೆ ಸಾಲದು. ತೊನ್ನು ಇರುವವರಿಗೆ, ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣ ಇಲ್ಲದವರಿಗೆ ಸನ್‌ಸ್ಕ್ರೀನ್ ಔಷಧಿಯೇ, ಅವರು ಫಾರ್ವರ್ಡ್ ಮೆಸೇಜ್ ನೋಡಿ ಬಿಟ್ಟರೆ ನಿಜವಾಗಿ ಅಪಾಯ.

ಅತ್ತಿಗೆಗೆ ನಾನು ಹೇಳಿದ್ದು ಜಿಂಕ್ ಆಕ್ಸೈಡ್ ಇರುವುದನ್ನು ಕೇಳಿ ಅಂತ. ಅದೂ ರಸಾಯನವೇ, "ನೈಸರ್ಗಿಕ" ಅನ್ನುವ ಜಾಹೀರಾತು ನಂಬಬೇಕಾಗಿಲ್ಲ, ಆದರೆ ಚರ್ಮ ದಾಟಿ ರಕ್ತಕ್ಕೆ ಇಳಿಯುವುದು ತೀರಾ ಕಡಿಮೆ. ಮುಖ ಬೂದಿ ಬಳಿದಂತೆ ಕಾಣುತ್ತದೆ ಅನ್ನುವುದು ನಮ್ಮ ಬಣ್ಣದವರಿಗೆ ಇರುವ ಕಷ್ಟ. ಅದಕ್ಕೇ ಬಣ್ಣ ಸೇರಿಸಿದ್ದು ತಗೊಳ್ಳಿ ಅಂದೆ. ಆ ಬಣ್ಣ ಐರನ್ ಆಕ್ಸೈಡಿನದು, ನಮ್ಮ ಕೆಮ್ಮಣ್ಣು ಕೆಂಪಾಗಿರುವುದೂ ಅದರಿಂದಲೇ. ಬಂಗು ಕಪ್ಪಾಗುವುದು ಯುವಿಯಿಂದ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ. ಅದನ್ನು ತಡೆಯುವುದು ಈ ಬಣ್ಣವೇ. ಪೌಡರ್, ಸ್ಪ್ರೇ ಮಾತ್ರ ಬೇಡ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹಚ್ಚುವಾಗ ಜಿಪುಣತನ ಮಾಡಬಾರದು, ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು.

ಬಾಣಂತನಕ್ಕೆ ಬಂದಿದ್ದ ಅವರ ಮಗಳು ಎಲ್ಲ ಕೇಳಿಸಿಕೊಂಡು, "ಚಿಕ್ಕಪ್ಪ, ನಾನು ಹಚ್ಚಬಹುದಾ?" ಅಂದಳು. ಹಾಲೂಡಿಸುವವಳಲ್ವಾ, ನೀನೂ ಜಿಂಕಿನದ್ದೇ ಹಚ್ಚು, ಸುಮ್ನೆ ಅನುಮಾನ ಯಾಕೆ ಅಂದೆ. ಮಗುವಿಗೆ? ನಾಲ್ಕು ತಿಂಗಳು ಅದಕ್ಕೆ. ಆರು ತಿಂಗಳಾಗುವವರೆಗೆ ಯಾವ ಕ್ರೀಮೂ ಬೇಡ, ತೆಳು ಹತ್ತಿ ಬಟ್ಟೆ ಹಾಕಿ ಜಗಲಿಯ ನೆರಳಲ್ಲಿ ಮಲಗಿಸು ಅಂತ ಹೇಳಿ ಬಂದೆ.