ಇದು ಆಂಟಿ ಸೆಂಟು, ಇದು ಕಾಲೇಜು ಸೆಂಟು ಅಂತ ಹೇಳಿದ್ಯಾರು?

ಮಾಲ್‌ನಲ್ಲಿ ಪರ್ಫ್ಯೂಮ್ ಕೌಂಟರ್ ಹತ್ರ ಹೋಗಿ ನಿಂತ್ರೆ ಸೇಲ್ಸ್ ಹುಡುಗ ಕೇಳೋ ಮೊದಲ್ನೇ ಪ್ರಶ್ನೆ ಗಂಡಸ್ರಿಗಾ ಹೆಂಗಸ್ರಿಗಾ, ಎರಡ್ನೇದು ವಯಸ್ಸೆಷ್ಟು. ಇಪ್ಪತ್ತೆರಡು ಅಂದ್ರೆ ಕ್ಯಾಂಡಿ ತರ ಸಿಹಿ ಸಿಹಿ ಹೊಡಿಯೋ ಬಾಟ್ಲಿ ಎತ್ತಿ ತೋರಿಸ್ತಾನೆ, ಐವತ್ತೈದು ಅಂದ್ರೆ ಗುಲಾಬಿ, ಪೌಡರು, ಗಂಧ ಅಂತ ಪಕ್ಕದ ಶೆಲ್ಫ್ ಕಡೆ ಕರ್ಕೊಂಡು ಹೋಗ್ತಾನೆ. ಯೂಟ್ಯೂಬಲ್ಲೂ ಅದೇ ಕತೆ, ಮೂವತ್ತು ದಾಟಿದೋರು ಹಾಕ್ಕೋಬಾರ್ದ ಸೆಂಟುಗಳು ಅಂತ ವಿಡಿಯೋ ಮೇಲೆ ವಿಡಿಯೋ. ಇದ್ರಲ್ಲಿ ಏನಾದ್ರೂ ಸೈನ್ಸ್ ಇದ್ಯಾ ಅಂದ್ರೆ ಸ್ವಲ್ಪ ಇದೆ, ಆದ್ರೆ ಇವ್ರು ಹೇಳೋ ಜಾಗದಲ್ಲಿ ಇಲ್ಲ.

ಬಾಟ್ಲಿ ಒಳಗಿರೋದು ಆಲ್ಕೋಹಾಲಲ್ಲಿ ಕರಗಿರೋ ಸುಗಂಧದ ಅಣುಗಳು ಅಷ್ಟೇ. ಕಿತ್ತಳೆ ಸಿಪ್ಪೆಲಿರೋ ಲಿಮೊನೀನ್, ಲ್ಯಾವೆಂಡರಲ್ಲಿರೋ ಲಿನಲೂಲ್, ಗಂಧದೆಣ್ಣೆಯ ಸ್ಯಾಂಟಲಾಲ್, ಲ್ಯಾಬಲ್ಲಿ ಮಾಡಿದ ಕಸ್ತೂರಿಗಳು. ನಮ್ಮ ಮೂಗಿನ ಮೇಲ್ಭಾಗದಲ್ಲಿ ಇವನ್ನ ಹಿಡಿಯೋಕೆ ಸುಮಾರು 400 ಬಗೆಯ ರಿಸೆಪ್ಟರ್‌ಗಳಿವೆ, ಈ ರಿಸೆಪ್ಟರ್‌ಗಳ ಜೀನ್‌ಗಳನ್ನ ಲಿಂಡಾ ಬಕ್ ಮತ್ತೆ ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆ ಮಾಡಿದ್ರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಒಂದೊಂದು ಅಣು ಹಲವಾರು ರಿಸೆಪ್ಟರ್‌ಗಳನ್ನ ಬೇರೆಬೇರೆ ಪ್ರಮಾಣದಲ್ಲಿ ತಟ್ಟತ್ತೆ, ಮಿದುಳು ಆ ಪ್ಯಾಟರ್ನ್ ಓದಿ ಇದು ಮಲ್ಲಿಗೆ, ಇದು ಸೀಮೆಎಣ್ಣೆ ಅನ್ನತ್ತೆ. ಈ ಇಡೀ ದಾರಿಲಿ ಯಾವ ಅಣುನೂ ನಿಮ್ಮ ಆಧಾರ್ ಕಾರ್ಡ್ ಕೇಳಲ್ಲ.

ಹಾಗಾದ್ರೆ ಕೆಲವು ಸೆಂಟು ಮೂಸಿದ ತಕ್ಷಣ ಅಯ್ಯೋ ಇದು ಅಜ್ಜಿ ಸೆಂಟು ಅಂತ ಯಾಕನ್ಸತ್ತೆ? ಶನೆಲ್ ನಂಬರ್ 5 ತಗೊಳಿ. 1921ರಲ್ಲಿ ಅರ್ನೆಸ್ಟ್ ಬೋ ಅನ್ನೋನು ಇದನ್ನ ಮಾಡಿದಾಗ ಅದು ಕೂದಲು ಕತ್ತರಿಸ್ಕೊಂಡು ಡ್ಯಾನ್ಸಿಗೆ ಹೋಗೋ ಪ್ಯಾರಿಸ್ ಹುಡುಗೀರ ಸೆಂಟು. ಮಲ್ಲಿಗೆ ಗುಲಾಬಿ ಜೊತೆ ಆಲ್ಡಿಹೈಡ್ ಅನ್ನೋ ಲ್ಯಾಬ್ ಅಣುಗಳನ್ನ ಧಾರಾಳವಾಗಿ ಸುರಿದಿದ್ದ, ಒಂಥರಾ ಮಿಂಚೋ, ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ತರ ವಾಸನೆ. ಅದು ಗೆದ್ದಿದ್ದೇ ತಡ ಎಲ್ರೂ ಅದೇ ದಾರಿ ಹಿಡಿದ್ರು, ದುಬಾರಿ ಸೆಂಟಿಂದ ಅಗ್ಗದ ಸೆಂಟಿಗೆ, ಅಲ್ಲಿಂದ ಸೋಪು, ಟಾಲ್ಕಂ ಪೌಡರು, ಫೇಸ್ ಕ್ರೀಮಿಗೆ ಇಳೀತು. ಸುಗಂಧದ ಫ್ಯಾಷನ್ ಹೆಚ್ಚಾಗಿ ಹೀಗೇ ಮೇಲಿಂದ ಕೆಳಕ್ಕೆ ಹರಿಯತ್ತೆ. ಆಮೇಲಿನ ತಲೆಮಾರು ಆ ಸೋಪು ಪೌಡರನ್ನ ಅಮ್ಮ ಅಜ್ಜಿ ಮೈಮೇಲೆ ಮೂಸ್ಕೊಂಡು ಬೆಳೀತು. ಈಗಿನ ಹುಡುಗಿ ಕೈಗೆ ನಂಬರ್ 5 ಕೊಟ್ರೆ ಸೋಪಿನ ವಾಸನೆ ಅಂತಾಳೆ. ಅವಳ ಮೂಗು ಸುಳ್ಳು ಹೇಳ್ತಿಲ್ಲ, ಆದ್ರೆ ಅವಳು ಓದ್ತಿರೋದು ಸೆಂಟು ಫ್ಯಾಷನ್ ಆಗಿದ್ದ ಇಸವಿನ, ಹಾಕ್ಕೊಳೋರ ವಯಸ್ಸನ್ನಲ್ಲ.

ಈ ಗೊಂದಲ ಎಲ್ಲಾ ಕಡೆ ಇದೆ. ಡೇವಿಡಾಫ್ ಕೂಲ್ ವಾಟರ್ 1988ರದ್ದು, ಕಾಟನ್ ಕ್ಯಾಂಡಿ ವಾಸನೆ ಕೊಡೋ ಈಥೈಲ್ ಮಾಲ್ಟಾಲ್‌ನ ಸಿಕ್ಕಾಪಟ್ಟೆ ಹಾಕಿ ಮಾಡಿದ ಏಂಜೆಲ್ 1992ರದ್ದು, ಗಂಡು ಹೆಣ್ಣು ಇಬ್ರಿಗೂ ಅಂತ ಬಂದ ಸಿಕೆ ಒನ್ 1994ರದ್ದು. ಆಗ ಇಪ್ಪತ್ತಾಗಿದ್ದೋರಿಗೆ ಈಗ ಐವತ್ತು ದಾಟಿದೆ. ಅವ್ರು ಇವತ್ತೂ ಅದನ್ನೇ ಹಾಕ್ಕೊಂಡ್ರೆ ಅವ್ರ ಮಕ್ಕಳ ಕಣ್ಣಿಗೆ, ಅಲ್ಲ ಮೂಗಿಗೆ, ಅದೇ ಆಂಟಿ ಸೆಂಟು ಅಂಕಲ್ ಸೆಂಟು. ಇನ್ನು ನಮ್ಮಲ್ಲಿ ಅಪ್ಪಂದಿರ ಶೇವಿಂಗ್ ವಾಸನೆ ಅಂದ್ರೇನೇ ಓಲ್ಡ್ ಸ್ಪೈಸ್, ಅದು ಮೊದಲು ಬಂದಿದ್ದು ಹೆಂಗಸರಿಗೆ, 1937ರಲ್ಲಿ, ಗಂಡಸರದ್ದು ಬಂದಿದ್ದು ಮಾರನೇ ವರ್ಷ! ಅಂದ್ರೆ ಲವಂಗ ದಾಲ್ಚಿನ್ನಿ ತರದ ಆ ಘಾಟಲ್ಲಿ ಗಂಡಸ್ತನವೂ ಇಲ್ಲ ಅಪ್ಪತನವೂ ಇಲ್ಲ, ನಾವು ಅಂಟಿಸಿದ್ದು.

ಗಂಧದ್ದು ಇನ್ನೂ ಮಜಾ ಇದೆ. ಮೊದಲ್ನೇ ಮಹಾಯುದ್ಧದಲ್ಲಿ ಮೈಸೂರಿಂದ ಹೊರದೇಶಕ್ಕೆ ಗಂಧದ ಮರ ಹೋಗೋದು ನಿಂತೋಯ್ತು, ದಾಸ್ತಾನು ಕೊಳೀತಾ ಬಿತ್ತು, ನಾವೇ ಎಣ್ಣೆ ತೆಗೆದ್ರಾಯ್ತು ಅಂತ ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಕಾರ್ಖಾನೆ ಶುರುವಾಯ್ತು, ಆ ಎಣ್ಣೆಯಿಂದ್ಲೇ ಆಮೇಲೆ ಮೈಸೂರ್ ಸ್ಯಾಂಡಲ್ ಸೋಪು ಬಂತು. ಇವತ್ತು ಬೆಂಗಳೂರಿನ ಕೌಂಟರಲ್ಲಿ ಗಂಧ ಅಂದ್ರೆ ಹಿರಿಯರ ಶೆಲ್ಫು. ಅದೇ ಗಂಧದ ಹೆಸರಿಟ್ಕೊಂಡು ನ್ಯೂಯಾರ್ಕಿನ ಒಂದು ಕಂಪನಿ 2011ರಲ್ಲಿ ಸ್ಯಾಂಟಲ್ 33 ಅಂತ ಬಾಟ್ಲಿ ಮಾಡಿತು, ಅಲ್ಲಿನ ಹುಡುಗ ಹುಡುಗೀರು ಮುಗಿಬಿದ್ದು ಹಾಕ್ಕೊಂಡ್ರು, ಎಷ್ಟರ ಮಟ್ಟಿಗೆ ಅಂದ್ರೆ ಎಲ್ಲೋದ್ರೂ ಇದೇ ವಾಸನೆ ಅಂತ ಜನ ಗೊಣಗೋವಷ್ಟು. ಅವ್ರಿಗೆ ಗಂಧದ ಜೊತೆ ತಾತನ ನೆನಪಿಲ್ಲ, ದೇವರಮನೆ ನೆನಪಿಲ್ಲ, ಅಷ್ಟೇ ವ್ಯತ್ಯಾಸ.

ನೆನಪಿನ ವಿಷ್ಯಕ್ಕೆ ಬಂದ್ರೆ ಸ್ವೀಡನ್ನಿನ ವಿಲಾಂಡರ್ ಮತ್ತೆ ಲಾರ್ಸನ್ ಅನ್ನೋರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಯಸ್ಸಾದವರಿಗೆ ಪದ, ಚಿತ್ರ, ವಾಸನೆ ಕೊಟ್ಟು ಹಳೇದೇನಾದ್ರೂ ನೆನಪಾಗತ್ತಾ ಅಂತ ಕೇಳಿದ್ರು. ಪದ ಮತ್ತೆ ಚಿತ್ರ ಎಬ್ಬಿಸಿದ ನೆನಪುಗಳು ಹೆಚ್ಚಾಗಿ 11ರಿಂದ 20ರ ವಯಸ್ಸಿನವು, ವಾಸನೆ ಎಬ್ಬಿಸಿದ್ದು ಹತ್ತು ತುಂಬೋ ಮುಂಚಿನವು. ಅಂದ್ರೆ ಸೆಂಟಿನ ಬಗ್ಗೆ ನಮ್ಮ ತೀರ್ಪಿನ ಒಂದು ದೊಡ್ಡ ಪಾಲು ನಾವು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದಾಗ್ಲೇ ಬರೆದು ಮುಗಿದಿರತ್ತೆ ಅಂತ ನನಗನ್ಸತ್ತೆ. ಊರು ಬದಲಾದ್ರೆ ತೀರ್ಪೂ ಬದಲು. ಸ್ಪೇನ್‌ನಲ್ಲಿ ಮಗು ವಾಸನೆ ಅಂದ್ರೆ ಕಿತ್ತಳೆ ಹೂವಿನ ತರದ ಮಕ್ಕಳ ಕೊಲೋನು, ದೊಡ್ಡೋರೂ ಅದನ್ನ ಹಾಯಾಗಿ ಹಾಕ್ಕೋತಾರೆ. ಗಲ್ಫಲ್ಲಿ ಊದ್ ಅನ್ನೋ ಅಗರು ಮರದ ಸುಗಂಧ ಹುಡುಗ್ರು ಮುದುಕ್ರು ಎಲ್ರದ್ದೂ, ಭಟ್ಕಳ ಮಂಗಳೂರು ಕಡೆ ದುಬೈಯಿಂದ ಬರೋರ ಸೂಟ್‌ಕೇಸು ಬಿಚ್ಚಿದ್ರೆ ಗೊತ್ತಾಗತ್ತೆ. ನಮ್ಮ ಮಲ್ಲಿಗೆನೇ ನೋಡಿ, ಮೂರು ವರ್ಷದ ಹುಡುಗಿ ಎರಡು ಜಡೆಗೂ ಮುಡೀತಾಳೆ, ಎಂಭತ್ತರ ಅಜ್ಜಿ ತುರುಬಿಗೂ ಮುಡೀತಾಳೆ, ಇದು ನಿನ್ನ ವಯಸ್ಸಿಗೆ ಒಪ್ಪಲ್ಲ ಅಂತ ಯಾರೂ ಹೇಳಲ್ಲ. (ಗಂಡ ಸತ್ತೋಳು ಮುಡೀಬಾರ್ದು ಅಂತ ಮಾತ್ರ ಹೇಳ್ತಿದ್ರು, ಈಗ್ಲೂ ಕೆಲವು ಕಡೆ ಹೇಳ್ತಾರೆ, ಪರಿಮಳದ ಮೇಲೆ ಸಮಾಜ ಹಾಕಿದ ಇದಕ್ಕಿಂತ ಕೆಟ್ಟ ರೂಲ್ಸ್ ನನಗೆ ಗೊತ್ತಿಲ್ಲ.) ಅಂದಹಾಗೆ ಆ ಮಲ್ಲಿಗೆಲಿ ಇಂಡೋಲ್ ಅನ್ನೋ ಅಣು ಇದೆ, ಅದೇ ಅಣು ಮಲದಲ್ಲೂ ಇರತ್ತೆ, ಒಂಚೂರು ಇದ್ರೆ ಮಾದಕ, ಜಾಸ್ತಿ ಆದ್ರೆ ಮೂಗು ಮುಚ್ಕೋಬೇಕು.

ಸರಿ, ವಯಸ್ಸಿಗೂ ಸೆಂಟಿಗೂ ನಿಜವಾದ ಸಂಬಂಧ ಎಲ್ಲಿದೆ ಅಂದ್ರೆ ನಮ್ಮ ಮೈಯಲ್ಲಿದೆ. ಮೊದಲು ಮೂಗು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ ಮತ್ತವರ ತಂಡ 1984ರಲ್ಲಿ, ಕೆರೆದು ಮೂಸೋ 40 ವಾಸನೆಗಳ ಪರೀಕ್ಷೆ ಇಟ್ಟು ನೋಡಿತು. 65ರಿಂದ 80ರ ಮಧ್ಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮೂಗು ಗಣನೀಯವಾಗಿ ಮಂಕಾಗಿತ್ತು, 80 ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು. ವಾಸನೆ ಹಿಡಿಯೋ ನರಕೋಶಗಳು ಸಾಯ್ತಾ ಹೊಸದು ಹುಟ್ತಾ ಇರ್ತವೆ, ವಯಸ್ಸಾದಂಗೆ ಈ ರಿಪೇರಿ ನಿಧಾನ ಆಗತ್ತೆ. ಇದು ನಿಧಾನಕ್ಕೆ ಆಗೋದ್ರಿಂದ ಯಾರಿಗೂ ಗೊತ್ತಾಗಲ್ಲ, ಸೆಂಟೇ ಮೊದಲಿನಷ್ಟು ಸ್ಟ್ರಾಂಗ್ ಇಲ್ಲ, ಕಂಪನಿಯೋರು ನೀರು ಹಾಕ್ತಿದಾರೆ ಅಂತ ಬೈಕೊಂಡು ಎರಡು ಸಲ ಹೊಡಿಯೋ ಕಡೆ ಆರು ಸಲ ಹೊಡೀತಾರೆ. ಮದುವೆ ಮನೆಲಿ ಕೆಲವು ಹಿರಿಯರು ಬರೋ ಮುಂಚೆನೇ ಅವ್ರ ಸೆಂಟು ಬರೋದು ಇದಕ್ಕೇ ಇರಬಹುದು. ಆದ್ರೆ ವಾಸನೆ ಒಂದೇ ಸಲಕ್ಕೆ ಹೋಯ್ತು ಅನ್ಸಿದ್ರೆ, ಕಾಫಿನೂ ಒಗ್ಗರಣೆನೂ ಮೂಗಿಗೆ ಬರ್ತಿಲ್ಲ ಅಂದ್ರೆ, ಅದನ್ನ ವಯಸ್ಸಿನ ಮೇಲೆ ಹಾಕಿ ಸುಮ್ನೆ ಕೂರಬೇಡಿ, ಕಿವಿ ಮೂಗು ಗಂಟಲಿನ ಡಾಕ್ಟರ್‌ಗೆ ತೋರ್ಸಿ, ಪಾರ್ಕಿನ್ಸನ್ಸ್ ತರದ ಕಾಯಿಲೆಗಳಲ್ಲಿ ಬಾಕಿ ಲಕ್ಷಣಕ್ಕಿಂತ ಮುಂಚೆನೇ ಮೂಗು ಕೈಕೊಡೋದುಂಟು.

ಎರಡ್ನೇದು ಮೈವಾಸನೆ. ಜಪಾನಿನ ಶಿಸೈಡೊ ಕಂಪನಿಯ ಸಂಶೋಧಕರು 2001ರಲ್ಲಿ, ನಲವತ್ತು ದಾಟಿದವರ ಮೈಯಲ್ಲಿ 2-ನಾನೆನಾಲ್ ಅನ್ನೋ ಅಣು ಸಿಗತ್ತೆ, ಚರ್ಮದ ಮೇಲಿನ ಕೊಬ್ಬು ಗಾಳಿಗೆ ಆಕ್ಸಿಡೈಸ್ ಆಗಿ ಅದು ಬರತ್ತೆ ಅಂತ ವರದಿ ಮಾಡಿದ್ರು. ಒಂಥರಾ ಜಿಡ್ಡು ಜಿಡ್ಡು, ಹುಲ್ಲು ಹುಲ್ಲು ವಾಸನೆ. ಅಲ್ಲಿಂದ ವಯಸ್ಸಾದವರ ವಾಸನೆಗೆ ಅಂತನೇ ಸೋಪು ಸ್ಪ್ರೇ ಮಾರೋ ಒಂದು ಬಿಸಿನೆಸ್ಸೇ ಹುಟ್ಕೊಂತು. ಆದ್ರೆ 2012ರಲ್ಲಿ ಫಿಲಡೆಲ್ಫಿಯಾದಲ್ಲಿ ವಾಸನೆ ರುಚಿ ಬಗ್ಗೆ ಸಂಶೋಧನೆ ಮಾಡೋ ಮೊನೆಲ್ ಸೆಂಟರ್‌ನವರು ಮಾಡಿದ ಪ್ರಯೋಗ ಕೇಳಿ. ಮೂರು ವಯಸ್ಸಿನ ಗುಂಪಿನವರಿಗೆ ಕಂಕುಳಲ್ಲಿ ಪ್ಯಾಡ್ ಇರೋ ಟೀ ಶರ್ಟು ಹಾಕಿ ಐದು ರಾತ್ರಿ ಮಲಗಿಸಿದ್ರು, ಆ ಪ್ಯಾಡ್‌ಗಳನ್ನ ಯಾರದ್ದು ಅಂತ ಹೇಳದೆ ಯುವಕ ಯುವತಿಯರ ಕೈಲಿ ಮೂಸಿಸಿದ್ರು. 75 ದಾಟಿದವರ ವಾಸನೆ ಯಾವ್ದು ಅಂತ ಬೇರೆ ಮಾಡೋಕೆ ಮೂಸಿದವರಿಗೆ ಸ್ವಲ್ಪ ಮಟ್ಟಿಗೆ ಬಂತು, ನಿಜ. ಆದ್ರೆ ತೀರಾ ಕಮ್ಮಿ ಘಾಟು, ಕಮ್ಮಿ ಅಸಹ್ಯ ಅಂತ ಮಾರ್ಕ್ಸ್ ಸಿಕ್ಕಿದ್ದೂ ಆ ಹಿರಿಯರಿಗೇ! ಸೆಂಟು ಹೊಡ್ಕೊಂಡು ವಯಸ್ಸು ಮುಚ್ಚಿಡಬೇಕು ಅನ್ನೋ ವಾದಕ್ಕೆ ಇಲ್ಲಿ ಜೀವ ಉಳಿಯಲ್ಲ.

ಮೂರ್ನೇದು ಚರ್ಮ. ವಯಸ್ಸಾದಂಗೆ ಚರ್ಮದ ಎಣ್ಣೆ ಕಮ್ಮಿ ಆಗತ್ತೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇನ್ನೂ ಜಾಸ್ತಿ ಒಣಗತ್ತೆ. ಸುಗಂಧದ ಅಣುಗಳಿಗೆ ಎಣ್ಣೆ ಅಂದ್ರೆ ಇಷ್ಟ, ಎಣ್ಣೆ ಇದ್ದ ಕಡೆ ಅಂಟ್ಕೊಂಡು ನಿಧಾನಕ್ಕೆ ಹಾರ್ತವೆ, ಒಣ ಚರ್ಮದಿಂದ ಬೇಗ ಎದ್ದು ಹೋಗ್ತವೆ. ಹಾಗಾಗಿ ಮೊದಲು ವಾಸನೆ ಇಲ್ಲದ ಮಾಯಿಶ್ಚರೈಸರೋ ವ್ಯಾಸಲಿನ್ನೋ ತೆಳ್ಳಗೆ ಸವರಿ ಮೇಲೆ ಸೆಂಟು ಹಾಕ್ಕೊಳೋದು ಒಳ್ಳೇ ಉಪಾಯ. ಇನ್ನು ಕೂಸುಗಳಿಗೆ ಸೆಂಟು ಬೇಡ, ಇದೊಂದೇ ಕಡೆ ನಾನು ವಯಸ್ಸಿನ ರೂಲ್ಸಿಗೆ ಒಪ್ಪೋದು. ಅವ್ರ ಚರ್ಮ ತೆಳು, ಸುಗಂಧದ ವಸ್ತುಗಳಿಂದ ಅಲರ್ಜಿ ಒಂದು ಸಲ ಹತ್ಕೊಂತು ಅಂದ್ರೆ ಸಾಮಾನ್ಯವಾಗಿ ಜೀವನ ಪೂರ್ತಿ ಬಿಡಲ್ಲ.

ಆರಿಸೋದು ಹೇಗೆ ಅಂದ್ರೆ, ಅಂಗಡಿಲಿ ಹೊಡೆದ ತಕ್ಷಣ ಬರೋ ವಾಸನೆಗೆ ದುಡ್ಡು ಕೊಡಬೇಡಿ. ಅದು ಲಿಮೊನೀನ್ ತರದ ಹಗುರ ಅಣುಗಳ ಆಟ, ಕಾಲು ಅರ್ಧ ಗಂಟೆಲಿ ಮುಗಿಯತ್ತೆ, ದಿನವಿಡೀ ನಿಮ್ಮ ಜೊತೆ ಇರೋದು ತಳದಲ್ಲಿರೋ ಗಂಧ, ವೆನಿಲಾ, ಕಸ್ತೂರಿ. ಕಾಗದದ ಪಟ್ಟಿ ಮೇಲೆ ಮೂಸಿ ಎರಡೋ ಮೂರೋ ಉಳಿಸ್ಕೊಳಿ, ಅದನ್ನ ಕೈಗೆ ಹಾಕ್ಕೊಂಡು ಮನೆಗೆ ಬನ್ನಿ, ಸಂಜೆವರೆಗೆ ಇಷ್ಟ ಆಗ್ತಾ ಇದ್ರೆ ಮಾತ್ರ ಮತ್ತೆ ಹೋಗಿ. ಕೌಂಟರಲ್ಲಿ ಮಧ್ಯೆ ಮಧ್ಯೆ ಮೂಸಿ, ಮೂಗು ಫ್ರೆಶ್ ಆಗತ್ತೆ ಅಂತ ಕಾಫಿ ಬೀಜದ ಡಬ್ಬಿ ಇಟ್ಟಿರ್ತಾರಲ್ಲ, 2011ರಲ್ಲಿ ಅದನ್ನೂ ಪರೀಕ್ಷೆ ಮಾಡಿದ್ರು, ಬರೀ ಗಾಳಿ ಮೂಸಿದ್ರೂ ಅಷ್ಟೇ ಕಾಫಿ ಮೂಸಿದ್ರೂ ಅಷ್ಟೇ ಅಂತ ಬಂತು. ಚಿಕ್ಕಮಗಳೂರಿನವರು ಬೇಜಾರು ಮಾಡ್ಕೋಬೇಡಿ.

ಇನ್ನೊಬ್ರ ರಿವ್ಯೂ ನೋಡಿ ಬ್ಲೈಂಡಾಗಿ ಆರ್ಡರ್ ಮಾಡೋದೂ ಕಷ್ಟನೇ, ಯಾಕಂದ್ರೆ ರಿಸೆಪ್ಟರ್‌ಗಳ ಜೀನ್ ಒಬ್ಬೊಬ್ರದ್ದು ಒಂದೊಂದು ತರ. ಕೆಲವರಿಗೆ ಕೆಲವು ಕಸ್ತೂರಿ ಅಣುಗಳ ವಾಸನೆ ಗೊತ್ತಾಗೋದೇ ಇಲ್ಲ, ನಿಮಗೆ ಖಾಲಿ ನೀರು ಅನ್ಸಿದ್ದು ಪಕ್ಕದ ಸೀಟಿನವರಿಗೆ ತಲೆ ಸಿಡಿಯೋ ಘಾಟು ಆಗಿರಬಹುದು. ಅದಕ್ಕೇ ಮನೆಲಿ ಯಾರನ್ನಾದ್ರೂ ಕೇಳಿ, ತೋಳುದ್ದ ದೂರ ನಿಂತು ಮೂಸೋಕೆ ಹೇಳಿ. ಆದ್ರೆ ಕೊನೇ ಆಯ್ಕೆ ನಿಮ್ಮ ಮೂಗೇ ಮಾಡ್ಲಿ, ಇದು ಬರೀ ಸ್ವಾಭಿಮಾನದ ಮಾತಲ್ಲ. 2012ರಲ್ಲಿ ಪ್ರಾಗ್‌ನ ಸಂಶೋಧಕರು ಜನಕ್ಕೆ ಅವರೇ ಇಷ್ಟಪಟ್ಟು ಬಳಸೋ ಸೆಂಟು ಒಂದು, ಸಂಶೋಧಕರು ಆರಿಸಿ ಕೊಟ್ಟ ಸೆಂಟು ಒಂದು ಹಾಕಿಸಿ ಬೇರೆಯವರ ಕೈಲಿ ಮೂಸಿಸಿದ್ರು. ಬರೀ ಸೆಂಟು ಮೂಸಿದಾಗ ಎರಡಕ್ಕೂ ಅಂಥಾ ವ್ಯತ್ಯಾಸ ಇರ್ಲಿಲ್ಲ, ಮೈವಾಸನೆ ಜೊತೆ ಬೆರೆತಾಗ ಮಾತ್ರ ತಾವೇ ಆರಿಸ್ಕೊಂಡಿದ್ದು ಹೆಚ್ಚು ಹಿತ ಅನ್ಸಿತು. ನಮ್ಮ ಮೈಗೆ ಹೊಂದೋದನ್ನ ನಾವು ಗೊತ್ತಿಲ್ದೇನೇ ಆರಿಸ್ಕೋತೀವಿ ಅನ್ನೋದು ಅವ್ರ ಅಂದಾಜು.

ಹವಾಮಾನ ಮಾತ್ರ ಲೆಕ್ಕಕ್ಕೆ ತಗೊಳಿ, ಅದು ವಯಸ್ಸಿಗಿಂತ ಮುಖ್ಯ. ಬಿಸಿಲಿಗೆ ಅಣುಗಳು ಜೋರಾಗಿ ಹಾರ್ತವೆ, ಡಿಸೆಂಬರ್ ಮಡಿಕೇರಿಲಿ ಹಿತವಾಗಿರೋ ವೆನಿಲಾ ಊದ್‌ಗಳು ಏಪ್ರಿಲ್ ರಾಯಚೂರಿನ ಬಸ್ಸಲ್ಲಿ ಸುತ್ತ ಇರೋರನ್ನ ಓಡಿಸ್ತವೆ. ಅಲ್ಲಿಗೆ ನಿಂಬೆ, ಲಾವಂಚ, ತೆಳು ಹೂವಿನ ವಾಸನೆ ಸಾಕು, ಇನ್ನೊಂದು ಸಲ ಬೇಕಾದ್ರೆ ಮಧ್ಯಾಹ್ನ ಹೊಡ್ಕೊಂಡ್ರಾಯ್ತು. ಬರ್ಗಮಾಟ್ ಅನ್ನೋ ನಿಂಬೆ ಜಾತಿ ಹಣ್ಣಿನ ಎಣ್ಣೆ ಇರೋದನ್ನ ಬಿಸಿಲಿಗೆ ಬೀಳೋ ಕತ್ತಿಗೆ ಹಾಕ್ಕೋಬೇಡಿ, ಅದ್ರಲ್ಲಿರೋ ಬರ್ಗಾಪ್ಟೆನ್ ಬಿಸಿಲು ತಾಗಿದ್ರೆ ಚರ್ಮಕ್ಕೆ ಕಪ್ಪು ಕಲೆ ಬರ್ಸತ್ತೆ. ಈಗಿನ ದೊಡ್ಡ ಕಂಪನಿಗಳು ಅದನ್ನ ತೆಗೆದು ಬಳಸ್ತವೆ, ಬಿಡಿ ಎಣ್ಣೆ ಮಾರೋ ಕಡೆ ಗ್ಯಾರಂಟಿ ಇಲ್ಲ.

ಮತ್ತೆ ನಮ್ಮಲ್ಲೊಂದು ಅಭ್ಯಾಸ ಇದೆ, ಮಗ ಅಮೆರಿಕಾದಿಂದ ತಂದ ಬಾಟ್ಲಿನ ಫಂಕ್ಷನ್ನಿಗೆ ಇರ್ಲಿ ಅಂತ ಬೀರುಲಿ ಎತ್ತಿಡೋದು, ಇಲ್ಲಾ ಬಾತ್‌ರೂಮಿನ ಕಿಟಕಿ ಮೇಲೆ ಜೋಡ್ಸೋದು. ಬೀರುನೇ ವಾಸಿ, ಕತ್ತಲು ತಂಪು ಇರತ್ತೆ. ಆದ್ರೆ ಒಂದ್ಸಲ ತೆಗೆದು ಬಳಸೋಕೆ ಶುರು ಮಾಡಿದ ಬಾಟ್ಲಿ ಒಳಗೆ ಗಾಳಿ ಸೇರ್ಕೊಂಡಿರತ್ತೆ, ಅದ್ರಲ್ಲಿ ಲಿಮೊನೀನ್ ಲಿನಲೂಲ್‌ಗಳು ನಿಧಾನಕ್ಕೆ ಆಕ್ಸಿಡೈಸ್ ಆಗ್ತವೆ, ಹಾಗೆ ಆದ ಮೇಲೆ ಅವು ತಾಜಾ ಇದ್ದಾಗಿಗಿಂತ ಹೆಚ್ಚು ಅಲರ್ಜಿ ಮಾಡ್ತವೆ. ಸೆಂಟಿನ ಬಣ್ಣ ಗಾಢ ಆಗಿ ಮೇಲ್ಗಡೆ ಹುಳಿ ಹುಳಿ ವಾರ್ನಿಶ್ ವಾಸನೆ ಬರ್ತಿದ್ರೆ ಮೈಗೆ ಬೇಡ, ಬಟ್ಟೆ ಬೀರುಗೆ ಒಂದು ಹತ್ತಿ ಉಂಡೆ ಮೇಲೆ ಹಾಕಿಡಿ. ಹೊಸದು ತಗೊಳೋವಾಗ 100 ಎಂಎಲ್ ಬದಲು 30 ಎಂಎಲ್ ಕೇಳಿ, ಸೇಲ್ಸ್ ಹುಡುಗನಿಗೆ ಬೇಜಾರಾಗತ್ತೆ, ಆಗ್ಲಿ.