ಕತ್ತರಿಗೆ ಒಂದು ಮೊಳೆ

ಮೈಸೂರಿನ ಒಬ್ಬರು ಹೋದ ವರ್ಷ ನನಗೆ ಫೋನ್ ಮಾಡಿದ್ದರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಆರಿ ವರ್ಕ್ ಮಾಡುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. "ಮೇಡಂ, ರೂಮು ಹತ್ತಕ್ಕೆ ಹತ್ತು ಇದೆ. ಈ ಥರ ಮಾಡಿಕೊಡಿ" ಅಂತ ಒಂದು ಫೋಟೋ ಕಳಿಸಿದರು. ಬಿಳಿ ಗೋಡೆ, ಬಿಳಿ ಟೇಬಲ್, ಮೂಲೆಯಲ್ಲೊಂದು ಗಿಡ. ನೋಡೋಕೆ ಚೆನ್ನಾಗಿತ್ತು. ಆದರೆ ಕತ್ತರಿ ಎಲ್ಲೂ ಕಾಣಲಿಲ್ಲ.

ಯಾರ ಕೆಲಸದ ಕೋಣೆಗೆ ಹೋದರೂ ನಾನು ಮೊದಲು ಅಳತೆ ತೆಗೆಯುವುದಿಲ್ಲ. ಒಂದು ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತು ನೋಡುತ್ತೇನೆ. ಇವರು ಒಂದು ಬ್ಲೌಸ್ ಕಟ್ ಮಾಡಿ ಹೊಲಿಯುವಷ್ಟರಲ್ಲಿ 11 ಸಲ ಎದ್ದರು. ಇಸ್ತ್ರಿಪೆಟ್ಟಿಗೆ ಹಾಲ್‌ನಲ್ಲಿ, ಲೈನಿಂಗ್ ಬಟ್ಟೆ ಅಟ್ಟದ ಮೇಲೆ. ನಾಲ್ಕು ಸಲ ಎದ್ದಿದ್ದು ಕತ್ತರಿ ಹುಡುಕುವುದಕ್ಕೆ. ಅದು ಬಟ್ಟೆ ಕೆಳಗೇ ಇತ್ತು.

ಕಟಿಂಗ್ ಮಾಡುತ್ತಿದ್ದದ್ದು ನೆಲದ ಮೇಲೆ. ಸೊಂಟ ನೋವು ಇರದೆ ಇರುತ್ತಾ? ನಿಂತು ಕಟ್ ಮಾಡುವ ಟೇಬಲ್ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಬೇಕು. ಇವರಿಗೆ 35 ಇಂಚು ಬಂತು. ಅಂಗಡಿಯಲ್ಲಿ ಸಿಗುವ ಕಂಪ್ಯೂಟರ್ ಟೇಬಲ್ 30 ಇಂಚಿನ ಆಸುಪಾಸು ಇರುತ್ತೆ. ಮೆಷಿನ್ ಇಡಲು ಸಾಕು, ಕಟಿಂಗ್‌ಗೆ ಬಗ್ಗಬೇಕಾಗುತ್ತೆ. ಟೇಬಲ್ ಕೆಳಗೆ ಬಾಗಿಲಿಲ್ಲದ ಗೂಡು ಮಾಡಿಸಿ, ಲೈನಿಂಗ್ ಬಟ್ಟೆಗಳನ್ನು ಪುಸ್ತಕದ ಹಾಗೆ ನಿಲ್ಲಿಸಿ ಜೋಡಿಸಿದೆವು. ಒಂದನ್ನು ಎಳೆದರೆ ಇಡೀ ರಾಶಿ ಬೀಳುವುದಿಲ್ಲ.

ಬೆಳಕಿನ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೆ. ಶುರುವಿನ ದಿನಗಳಲ್ಲಿ ಒಂದು ಬೊಟಿಕ್‌ಗೆ, ಫೋಟೋ ಚೆನ್ನಾಗಿ ಬರಲಿ ಅಂತ 3000 ಕೆಲ್ವಿನ್‌ನ ಹಳದಿ ಲೈಟ್ ಹಾಕಿಸಿದ್ದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. ರಾತ್ರಿ ಮೆರೂನ್ ಸೀರೆಗೆ ಸರಿಯಾಗಿ ಹೊಂದಿದ್ದ ದಾರ ಬೆಳಿಗ್ಗೆ ಬಾಗಿಲ ಹತ್ತಿರ ತಂದರೆ ಇಟ್ಟಿಗೆ ಬಣ್ಣ! ಕಟ್ಟಿದ ಕುಚ್ಚನ್ನೆಲ್ಲ ಬಿಚ್ಚಿದರು. ಅವರು ನನಗೆ ಬೈಯಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಈಗ ಬಣ್ಣದ ಕೆಲಸ ಇರುವಲ್ಲಿ 4000ದಿಂದ 5000 ಕೆಲ್ವಿನ್ ಒಳಗಿನ ಲೈಟನ್ನೇ ಹಾಕಿಸುತ್ತೇನೆ. ಡಬ್ಬಿ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಅಂತ ಇದೆಯಾ ನೋಡಿಕೊಳ್ಳುತ್ತೇನೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನುವುದರ ಅಳತೆ ಅದು. ಬಲಗೈಯಲ್ಲಿ ಕೆಲಸ ಮಾಡುವವರಿಗೆ ಬೆಳಕು ಎಡಗಡೆಯಿಂದ ಬಂದರೆ ಕೈಯ ನೆರಳು ಹೊಲಿಗೆ ಮೇಲೆ ಬೀಳುವುದಿಲ್ಲ.

ಇನ್ನು ಕಿಟಕಿ. ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ ಅನ್ನುವುದು ಯುರೋಪಿನ ಲೆಕ್ಕ. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆ ಓರೆ ಬಿಸಿಲು ಒಳಗೆ ಬಂದೇ ಬರುತ್ತೆ, ದಾರದ ಬಣ್ಣ ಮಾಸುತ್ತೆ. ಹಾಗಾಗಿ ಕಿಟಕಿಗೆ ತೆಳು ಪರದೆ ಹಾಕಿ, ದಾರದ ಉಂಡೆಗಳನ್ನು ಬಿಸಿಲು ಬೀಳದ ಗೋಡೆಗೆ ಸಾಗಿಸಿದೆವು.

ಇಸ್ತ್ರಿಪೆಟ್ಟಿಗೆಗೆ 16 ಆಂಪ್ ಪಾಯಿಂಟ್ ಬೇರೆ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ.

ಅಂದ ಎಲ್ಲಿಂದ ಬಂತು ಅಂತೀರಾ? ಒಂದು ಗೋಡೆ ಪಿಂಕ್ ಬೇಕು ಅಂತ ಅವರಿಗೆ ಆಸೆ. ಗಾಢ ಬಣ್ಣದ ಗೋಡೆಯಾದರೆ ಅದರ ಛಾಯೆ ಬಟ್ಟೆ ಮೇಲೂ ಬೀಳುತ್ತೆ. ಅದಕ್ಕೆ ಗೋಡೆಯನ್ನು ಹೊಳಪಿಲ್ಲದ ಬಿಳಿ ಮಾಡಿ, ಪಿಂಕನ್ನು ಬಾಗಿಲ ಹೊರಮೈಗೆ ಬಳಿಸಿದೆ. ಒಳಗೆ ಬಣ್ಣ ಅಂತ ಇದ್ದದ್ದು ಗೋಡೆ ತುಂಬ ಸಾಲಾಗಿ ನಿಂತ ದಾರ: ಅರಿಶಿನ, ಸಾಸಿವೆ, ಕೇಸರಿ, ಕುಂಕುಮ. ಅಜ್ಜಿ ಕಾಲದ ಬೀರು ತೆಗೆಯೋಣ ಅಂದರು, ನಾನೇ ಉಳಿಸಿಕೊಂಡೆ. ಮಣಿ, ಜರಿ, ಹುಕ್ಕು ಎಲ್ಲ ಅದರೊಳಗೆ ಸೇರಿದವು.

ಕತ್ತರಿಗೆ ಟೇಬಲಿನ ಬಲಗಡೆ ಒಂದು ಮೊಳೆ ಹೊಡೆಸಿದೆ. ಹೋದ ವಾರ ಅವರು ರೂಮಿನ ಫೋಟೋ ಕಳಿಸಿದರು. ಆ ಮೊಳೆಯಲ್ಲಿ ಟೇಪು ನೇತಾಡುತ್ತಿತ್ತು. ಕತ್ತರಿ ಎಲ್ಲಿ ಅಂತ ಕೇಳಿದೆ.

"ಇಲ್ಲೇ ಎಲ್ಲೋ ಬಟ್ಟೆ ಕೆಳಗಿದೆ ಮೇಡಂ."

ಇನ್ನೊಂದು ಮೊಳೆ ಹೊಡೆಸಿ ಅಂದೆ.